ಧ್ವನಿಮುದ್ರಿಕೆಯ ಬೀಗದ ಕೈ ಯಾರಲ್ಲಿರಬೇಕು?

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪ, ಕೊರಗ ಬುಡಕಟ್ಟಿನವರ ಕಾಲನಿಯೊಂದರಲ್ಲಿ ಹಿರಿಯಜ್ಜಿಯೊಬ್ಬರು, ಬುಟ್ಟಿ ಹೆಣೆಯುವ ಬಳ್ಳಿಯನ್ನು ಯಾವ ಕಾಲದಲ್ಲಿ ಕೊಯ್ಯಬೇಕು, ಬುಡದಲ್ಲಿ ಎಷ್ಟು ಉಳಿಸಿದರೆ ಅದು ಮತ್ತೆ ಚಿಗುರುತ್ತದೆ ಎಂಬುದನ್ನು ವಿವರಿಸಿದ್ದನ್ನು ವರ್ಷಗಳ ಹಿಂದೆ ನಾನು ಧ್ವನಿಮುದ್ರಿಸಿಕೊಂಡಿದ್ದೆ. ಅದನ್ನು ಸಂಸ್ಥೆಯೊಂದರ ಸಂಗ್ರಹಕ್ಕೆ ಒಪ್ಪಿಸಿದ್ದೂ ನಾನೇ. ಅಜ್ಜಿ ತೀರಿಕೊಂಡ ಮೇಲೆ ಮೊಮ್ಮಗಳು ಆ ದನಿಯನ್ನು ಕೇಳಬಯಸಿದಾಗ, ಆಕೆ ಸಂಶೋಧಕಿಯಲ್ಲವೆಂಬ ಕಾರಣಕ್ಕೆ ಅರ್ಜಿ ತಿರಸ್ಕೃತವಾಯಿತು. ಒಪ್ಪಿಗೆಪತ್ರದಲ್ಲಿ ಮನೆಯವರ ಹಕ್ಕಿನ ಬಗ್ಗೆ ಒಂದು ಸಾಲನ್ನೂ ಬರೆಯದ ತಪ್ಪು ನನ್ನದು. ಆ ನೋವು ಇನ್ನೂ ಹೋಗಿಲ್ಲ.

ನಮ್ಮ ಕಾನೂನು ಇಲ್ಲಿ ಹೆಚ್ಚು ನೆರವಾಗುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಧ್ವನಿಮುದ್ರಿಕೆಯ ಕರ್ತೃವೆಂದರೆ ಅದರ ನಿರ್ಮಾಪಕ. ಹಾಡಿದವರಿಗೆ 50 ವರ್ಷಗಳ ಪ್ರದರ್ಶಕರ ಹಕ್ಕು ಇದೆಯಾದರೂ, ಅದು ವ್ಯಕ್ತಿಗೆ ಸಲ್ಲುವುದೇ ಹೊರತು ತಲೆಮಾರುಗಳಿಂದ ಆ ತಿಳಿವನ್ನು ಕಾಪಾಡಿಕೊಂಡು ಬಂದ ಸಮುದಾಯಕ್ಕಲ್ಲ. 2002ರ ಜೈವಿಕ ವೈವಿಧ್ಯ ಕಾಯಿದೆಯಡಿ ಪಂಚಾಯತುಗಳು ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸುತ್ತವೆ, ಮದ್ದಿನ ಗಿಡಗಳ ತಿಳಿವೂ ಅದರೊಳಗೆ ಸೇರುತ್ತದೆ. ಆದರೆ ಕೆಲವೇ ಮನೆಗಳಿರುವ ಕೊರಗರ ಮಾತು ಪಂಚಾಯತಿನ ಸಮಿತಿಯಲ್ಲಿ ಎಷ್ಟು ನಡೆದೀತು ಎಂಬ ಆತಂಕ ನನ್ನದು.

ಆಸ್ಟ್ರೇಲಿಯಾದ ಟೆನ್ನಂಟ್ ಕ್ರೀಕ್‌ನಲ್ಲಿ ವಾರುಮುಂಗು ಸಮುದಾಯದೊಂದಿಗೆ 2007ರಲ್ಲಿ ರೂಪುಗೊಂಡ ಮುಕುರ್ತು ಎಂಬ ದಾಖಲೆ ತಂತ್ರಾಂಶ ಬೇರೆ ದಾರಿ ಹಿಡಿಯಿತು. ಮುಕುರ್ತು ಎಂದರೆ ಅಮೂಲ್ಯ ವಸ್ತುಗಳನ್ನು ಜೋಪಾನವಾಗಿಡುವ ಹೆಣೆದ ಚೀಲ. ಯಾವ ಚಿತ್ರವನ್ನು ಯಾವ ಕುಟುಂಬದವರು ನೋಡಬಹುದು, ತೀರಿಕೊಂಡವರ ಮುಖವನ್ನು ತೋರಿಸಬಹುದೇ ಎಂಬುದನ್ನೆಲ್ಲ ಅಲ್ಲಿ ಸಮುದಾಯದ ನಡಾವಳಿಯೇ ತೀರ್ಮಾನಿಸುತ್ತದೆ.

ಆದರೂ ತಂತ್ರಾಂಶದಿಂದ ಆರಂಭಿಸಬೇಡಿ ಎಂದು ಈ ಕೆಲಸಕ್ಕೆ ಬರುವ ಕಿರಿಯರಿಗೆ ಹೇಳುತ್ತೇನೆ. ಮಲಯಾಳದಲ್ಲೋ ಕನ್ನಡದಲ್ಲೋ ಅಚ್ಚಾದ ನಮೂನೆಗೆ ಹೆಬ್ಬೆಟ್ಟು ಒತ್ತಿಸಿಕೊಂಡರೆ ಅದು ಒಪ್ಪಿಗೆಯಲ್ಲ. ತುಳುವಿನಲ್ಲೋ ಕೊರಗ ನುಡಿಯಲ್ಲೋ ಮಾತಾಡಿ, ಆ ಮಾತನ್ನೇ ಮುದ್ರಿಸಿಕೊಂಡು, ವರ್ಷ ಕಳೆದ ಮೇಲೆ ಮತ್ತೊಮ್ಮೆ ಕೇಳಬೇಕು, ಬೇಡವೆಂದರೆ ಅಳಿಸಬೇಕು. ಬುಟ್ಟಿ ಹೆಣೆಯುವ ವಿಧಾನ ಶಾಲೆಯ ಮಕ್ಕಳಿಗೂ ತಲುಪಲಿ ಎಂದವರೇ ಮದ್ದಿನ ಬೇರಿನ ಹೆಸರು ಹೊರಗೆ ಹೋಗಬಾರದು ಎನ್ನಬಹುದು. ಆದ್ದರಿಂದ ಒಂದೇ ಮುದ್ರಿಕೆಯನ್ನು ಭಾಗ ಮಾಡಿ, ಪ್ರತಿ ಭಾಗಕ್ಕೂ ಪ್ರತ್ಯೇಕ ಅನುಮತಿ ಬರೆದಿಡಬೇಕಾಗುತ್ತದೆ. ನಮ್ಮ ಮಳೆಗಾಲದ ತೇವಕ್ಕೆ ಹಾರ್ಡ್ ಡಿಸ್ಕ್ ಹಾಳಾಗುವ ಭಯವಿರುವುದರಿಂದ ಒಂದು ಪ್ರತಿಯನ್ನು ಕಾಲನಿಯ ಹೊರಗೆ ಬೇರೆಡೆ ಇಡುವುದು ಅನಿವಾರ್ಯ, ಆದರೆ ಅದನ್ನು ತೆರೆಯುವ ಗುಪ್ತಪದ ಕಾಲನಿಯವರು ಆರಿಸಿದ ಇಬ್ಬರು ಮೂವರಲ್ಲೇ ಉಳಿಯಬೇಕು.

ಕಳೆದ ಸಲ ಹಿರಿಯರೊಬ್ಬರು ತಾವು ಹೇಳಿದ್ದನ್ನು ಪುನಃ ಕೇಳಿಸಿಕೊಂಡು, ನಡುವಿನ ಎರಡು ನಿಮಿಷ ಬೇಡವೆಂದರು. ಕಾರಣ ಕೇಳದೆ ಅವರೆದುರಿನಲ್ಲೇ ಅಳಿಸಿದೆ. ಆಮೇಲೆ ಅವರು ಇನ್ನೊಂದು ಗಂಟೆ ಮಾತಾಡಿದರು.