ವಾಲ್ ಸ್ಟ್ರೀಟ್ ದುಡ್ಡು: ಹಿಲರಿ ಕೊಟ್ಟ ಉತ್ತರ, ನಾನು ತಪ್ಪಿದ ಲೆಕ್ಕ

ಅಮೆರಿಕದ 2016ರ ಚುನಾವಣೆ ಓದುವಾಗ ನಾನು ಎರಡು ಸಂಜೆ ಒದ್ದಾಡಿದ ಜಾಗ ಇದು. ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

2015ರ ನವೆಂಬರ್ 14, ಅಯೋವಾ ರಾಜ್ಯದಲ್ಲಿ ಡೆಮಾಕ್ರಟಿಕ್ ಪಕ್ಷದೊಳಗಿನ ಚರ್ಚೆ. ಅಧ್ಯಕ್ಷ ಸ್ಥಾನದ ಟಿಕೆಟ್‌ಗೆ ಹಿಲರಿ ಕ್ಲಿಂಟನ್ ಜೊತೆ ಪೈಪೋಟಿಯಲ್ಲಿದ್ದ ಬರ್ನಿ ಸ್ಯಾಂಡರ್ಸ್ ಎತ್ತಿದ ಪ್ರಶ್ನೆ: ವಾಲ್ ಸ್ಟ್ರೀಟ್ (ನ್ಯೂಯಾರ್ಕಿನ ಈ ಬೀದಿಯ ಹೆಸರಲ್ಲಿ ಕರೆಯುವ ದೊಡ್ಡ ಬ್ಯಾಂಕು, ಹಣಕಾಸು ಕಂಪನಿಗಳ ಲೋಕ) ಹಿಲರಿಗೆ ಅಷ್ಟು ದೇಣಿಗೆ ಕೊಡುವುದು ಯಾಕೆ? ಹಿಲರಿ ಉತ್ತರದ ಸಾರ: ನನಗೆ ದೇಣಿಗೆ ಕೊಟ್ಟವರಲ್ಲಿ 60% ಹೆಂಗಸರು. 2001ರ ಸೆಪ್ಟೆಂಬರ್ 11ರಂದು ನಾನು ನ್ಯೂಯಾರ್ಕಿನ ಸೆನೆಟರ್. ದಾಳಿ ನಡೆದದ್ದು ವಾಲ್ ಸ್ಟ್ರೀಟ್ ಇರುವ ಕಡೆಯೇ. ಮತ್ತೆ ಕಟ್ಟಲು ನೆರವಾದೆ.

ಪ್ರಶ್ನೆ, ಉತ್ತರ ಎರಡನ್ನೂ ಅಕ್ಕಪಕ್ಕ ಬರೆದು ನೋಡಿ. ಕೇಳಿದ್ದು ದುಡ್ಡಿನ ಲೆಕ್ಕ, ಸಿಕ್ಕಿದ್ದು ತಲೆ ಎಣಿಕೆ. ಸುಮ್ನೆ ಒಂದು ಉದಾಹರಣೆ: 1,000 ಜನ ತಲಾ 10 ಡಾಲರ್, 100 ಜನ ತಲಾ 2,700 ಡಾಲರ್ ಕೊಟ್ಟರು ಅಂದುಕೊಳ್ಳಿ. ತಲೆ ಎಣಿಸಿದರೆ ಸಣ್ಣ ದಾನಿಗಳೇ 90% ದಾಟುತ್ತಾರೆ. ದುಡ್ಡು ಎಣಿಸಿದರೆ ಅವರ ಪಾಲು 10,000, ದೊಡ್ಡವರದು 2,70,000. ಎರಡೂ ನಿಜ, ಆದರೆ ಬೇರೆ ಬೇರೆ ಪ್ರಶ್ನೆಗೆ ಉತ್ತರ.

ಈಗ ನಾನು ಎಡವಿದ ಜಾಗ. ವಾಲ್ ಸ್ಟ್ರೀಟಿನ ದೊಡ್ಡ ಬ್ಯಾಂಕು ಗೋಲ್ಡ್‌ಮನ್ ಸ್ಯಾಕ್ಸ್. ‘ಗೋಲ್ಡ್‌ಮನ್ ಸ್ಯಾಕ್ಸ್ ದುಡ್ಡು’ ಎಂದಾಗಲೆಲ್ಲ ಆ ಬ್ಯಾಂಕೇ ಚೆಕ್ ಬರೆದುಕೊಟ್ಟಿದೆ ಎಂದುಕೊಂಡಿದ್ದೆ. ಅಲ್ಲ! ಅಲ್ಲಿ ಕಂಪನಿಗಳು ಅಧ್ಯಕ್ಷ ಅಭ್ಯರ್ಥಿಯ ಪ್ರಚಾರಕ್ಕೆ ನೇರವಾಗಿ ದುಡ್ಡು ಕೊಡುವಂತಿಲ್ಲ. ಕೊಡುವವರು ಅಲ್ಲಿನ ನೌಕರರು, ಸ್ವಂತ ಜೇಬಿನಿಂದ. 2016ರಲ್ಲಿ ಒಬ್ಬ ದಾನಿ ಒಬ್ಬ ಅಭ್ಯರ್ಥಿಗೆ ಒಂದು ಚುನಾವಣೆಗೆ ಕೊಡಲು 2,700 ಡಾಲರ್ ಮಿತಿ ಇತ್ತು. ಪಕ್ಷದ ಅಭ್ಯರ್ಥಿಯನ್ನು ಆರಿಸುವ ಪ್ರಾಥಮಿಕ ಸುತ್ತು ಒಂದು ಚುನಾವಣೆ, ಅಂತಿಮ ಸುತ್ತು ಇನ್ನೊಂದು. 200 ಡಾಲರ್ ದಾಟಿದ ದಾನಿ ಎಲ್ಲಿ ಕೆಲಸ ಮಾಡುತ್ತಾರೆ ಎಂಬುದೂ ಪ್ರಚಾರ ತಂಡ ಸಲ್ಲಿಸುವ ವರದಿಯಲ್ಲಿ ಬರಬೇಕು. ದೇಣಿಗೆ ಪಟ್ಟಿಗಳಲ್ಲಿ ಬ್ಯಾಂಕಿನ ಹೆಸರು ಕಾಣುವುದು ಹೀಗೆ.

ದುಡ್ಡು ಬಂದು ಬೀಳುವ ಮೊದಲ ಜೇಬು ಇದು. ಎರಡನೆಯದು ಸೂಪರ್ ಪ್ಯಾಕ್, ಅಂದರೆ ಅಭ್ಯರ್ಥಿಯ ಪರ ಹೊರಗಿನಿಂದ ಖರ್ಚು ಮಾಡುವ ಗುಂಪು: ದೇಣಿಗೆಗೆ ಮಿತಿಯಿಲ್ಲ, ಆದರೆ ಆಗ ಅಭ್ಯರ್ಥಿಯ ಜೊತೆ ಸೇರಿ ಖರ್ಚಿನ ಯೋಜನೆ ಮಾಡುವಂತಿರಲಿಲ್ಲ. ಮೂರನೆಯದು ಭಾಷಣದ ಸಂಭಾವನೆ. ಇದು ಪ್ರಚಾರಕ್ಕಲ್ಲ, ವ್ಯಕ್ತಿಯ ಸ್ವಂತ ಆದಾಯ. 2013ರಲ್ಲಿ ಗೋಲ್ಡ್‌ಮನ್ ಸ್ಯಾಕ್ಸ್‌ನಲ್ಲಿ ಮೂರು ಭಾಷಣಕ್ಕೆ ಹಿಲರಿಗೆ ಸಿಕ್ಕಿದ್ದು 6,75,000 ಡಾಲರ್. ಇಲ್ಲಿ ನಿಜವಾಗಿಯೂ ಬ್ಯಾಂಕೇ ಕೊಟ್ಟಿದ್ದು. ಅಷ್ಟೊಂದು ಯಾಕೆ ಎಂದು 2016ರ ಫೆಬ್ರವರಿಯಲ್ಲಿ ಕೇಳಿದಾಗ, ‘ಅವರು ಕೊಡುತ್ತೇವೆ ಎಂದದ್ದೇ ಅಷ್ಟು’ ಎಂದರು ಹಿಲರಿ. ನನಗೆ ಸೆಪ್ಟೆಂಬರ್ 11ರ ಮಾತಿಗಿಂತ ಇದೇ ಜಾಸ್ತಿ ಹೇಳುತ್ತದೆ. ಆ ಮೊತ್ತ ಅವರಿಗೆ ವಿಚಿತ್ರ ಅನಿಸಿಯೇ ಇಲ್ಲ, ಅಲ್ವಾ?

ಆದರೆ ನಂಟು ಬೇರೆ, ಲಂಚ ಬೇರೆ. ಹಿಲರಿ ವಾದವೂ ಇದೇ: ಒಬಾಮ ಕೂಡ ವಾಲ್ ಸ್ಟ್ರೀಟ್ ದುಡ್ಡು ತಗೊಂಡಿದ್ದರು, ಆದರೂ 2010ರಲ್ಲಿ ಬ್ಯಾಂಕುಗಳಿಗೆ ಕಡಿವಾಣ ಹಾಕುವ ಡಾಡ್-ಫ್ರಾಂಕ್ ಕಾಯ್ದೆಗೆ ಸಹಿ ಹಾಕಿದರು. 2016ರ ಏಪ್ರಿಲ್ 14ರ ಬ್ರೂಕ್ಲಿನ್ ಚರ್ಚೆಯಲ್ಲಿ ಸ್ಯಾಂಡರ್ಸ್‌ಗೇ ಪ್ರಶ್ನೆ ಬಂತು: ದುಡ್ಡಿಗಾಗಿ ಹಿಲರಿ ಬ್ಯಾಂಕುಗಳ ಪರ ತೆಗೆದುಕೊಂಡ ಒಂದು ನಿರ್ಧಾರ ಹೇಳಿ. ಅವರು 2008ರ ಆರ್ಥಿಕ ಕುಸಿತದ ಬಗ್ಗೆ ಮಾತಾಡಿದರು, ದೊಡ್ಡ ಬ್ಯಾಂಕುಗಳನ್ನು ಒಡೆಯಬೇಕು ಎಂದರು, ಮತ್ತೆ ಭಾಷಣದ ಸಂಭಾವನೆಗೇ ಬಂದರು. ಅಕ್ಕಪಕ್ಕ ಬರೆದು ನೋಡಿದರೆ ಅವರೂ ಕೇಳಿದ್ದಕ್ಕೆ ಉತ್ತರ ಕೊಡಲಿಲ್ಲ.