ಗ್ರೆಚ್ಚೊದ ಗೋದಲಿಯಲ್ಲಿ ಮಗು ಇರಲಿಲ್ಲ

ಮನುಷ್ಯಾವತಾರದ ಪಾಠ, ಅಂದರೆ ದೇವರು ಯೇಸುವಾಗಿ ಮನುಷ್ಯನಾದ ಪಾಠ, ಅಂದ ಕೂಡಲೇ ನಾವೆಲ್ಲ ಪರೀಕ್ಷೆಗಾಗಿ 325ರ ನಿಕೇಯ ಸಭೆ, 451ರ ಕಲ್ಸೆದೋನ್ ಸಭೆ ಅಂತ ಈ ವಿಷಯ ತೀರ್ಮಾನಿಸಿದ ಚರ್ಚಿನ ಸಭೆಗಳ ಇಸವಿಗಳನ್ನು ಉರುಹೊಡೆಯಲು ಕೂರುತ್ತೇವೆ. ಅದೂ ಬೇಕು. ಆದರೆ ಪಾಠ ಮನಸ್ಸಿಗೆ ಇಳಿಯಬೇಕಾದರೆ 1223ರ ಕ್ರಿಸ್ಮಸ್ ರಾತ್ರಿ ಇಟಲಿಯ ರಿಯೇತಿ ಕಣಿವೆಯ ಗ್ರೆಚ್ಚೊ ಎಂಬ ಬೆಟ್ಟದೂರಲ್ಲಿ ಏನಾಯ್ತು ಅಂತ ಮೊದಲು ಓದಿಕೊಳ್ಳಿ.

ಅಸ್ಸಿಸಿಯ ಸಂತ ಫ್ರಾನ್ಸಿಸ್ ಹಬ್ಬಕ್ಕೆ ಸುಮಾರು ಹದಿನೈದು ದಿನ ಮುಂಚೆ ಜಾನ್ ಎಂಬ ಆ ಊರಿನ ಗೆಳೆಯನನ್ನು ಕರೆದು ಹೇಳಿದ: ಬೆತ್ಲೆಹೇಮಿನ ಆ ಕೂಸು ಎಷ್ಟು ಕಷ್ಟದಲ್ಲಿ, ಹುಲ್ಲಿನ ಮೇಲೆ ಹೇಗೆ ಮಲಗಿತ್ತು ಅಂತ ನನ್ನ ಈ ಕಣ್ಣಿಂದಲೇ ನೋಡಬೇಕು, ತಯಾರಿ ಮಾಡು. ತಯಾರಿ ಅಂದರೆ ಏನು? ಒಂದು ಗೋದಲಿ (ದನಕ್ಕೆ ಮೇವು ಹಾಕುವ ತೊಟ್ಟಿ), ಹುಲ್ಲು, ಒಂದು ಎತ್ತು, ಒಂದು ಕತ್ತೆ. ಅಷ್ಟೇ. ಚೆಲಾನೊದ ಥಾಮಸ್ ಎಂಬ ಸನ್ಯಾಸಿ ಬರೆದ ಫ್ರಾನ್ಸಿಸ್‌ನ ಮೊದಲ ಜೀವನಚರಿತ್ರೆಯಲ್ಲಿ ಮರಿಯಳ ಬೊಂಬೆಯಾಗಲಿ, ಜೋಸೆಫನ ಬೊಂಬೆಯಾಗಲಿ, ಕೊನೆಗೆ ಬಾಲಯೇಸುವಿನ ಬೊಂಬೆಯಾಗಲಿ ಇಲ್ಲ. ಎತ್ತು, ಕತ್ತೆ ಲೂಕನ ಶುಭಸಂದೇಶದಲ್ಲೂ ಇಲ್ಲ, ಗೊತ್ತಲ್ವಾ? ಅವು ಬಂದದ್ದು ಯೆಶಾಯನ ಮೊದಲ ಅಧ್ಯಾಯದ 3ನೇ ವಚನದಿಂದ. ಇದೇ ಜಗತ್ತಿನ ಮೊದಲ ಗೋದಲಿ ಅಂತ ಸುಮ್ನೆ ಬರೆದುಬಿಡಬೇಡಿ. ಕ್ರಿಸ್ತಜನನದ ನಾಟಕಗಳು ಚರ್ಚುಗಳಲ್ಲಿ ಅದಕ್ಕೂ ಮುಂಚೆಯೇ ಇದ್ದವು.

ಇನ್ನು ಮುಖ್ಯ ವಿಷಯ. ಆ ಖಾಲಿ ಗೋದಲಿಯ ಮೇಲೇ ಬಲಿಪೂಜೆ ನಡೆಯಿತು. ಮಗು ಇಲ್ಲದ ಜಾಗಕ್ಕೆ ಪರಮಪ್ರಸಾದ, ಅಂದರೆ ಯೇಸುವಿನ ಶರೀರವೆಂದು ನಂಬುವ ರೊಟ್ಟಿ, ಬಂತು. ಇದು ಅಲಂಕಾರಕ್ಕೆ ಮಾಡಿದ್ದಲ್ಲ. ರಾಜಸಿಂಹಾಸನ ಬಿಟ್ಟು ಕನ್ಯೆಯ ಗರ್ಭಕ್ಕೆ ಇಳಿದ ಹಾಗೆಯೇ ಯೇಸು ದಿನಾಲೂ ಪೂಜಾಪೀಠಕ್ಕೆ ಇಳಿದು ಬರುತ್ತಾನೆ ಅಂತ ಫ್ರಾನ್ಸಿಸ್ ತನ್ನ ಸಹೋದರರಿಗೆ ಕೊಟ್ಟ ಉಪದೇಶಗಳಲ್ಲಿ ಮೊದಲನೆಯದರಲ್ಲೇ ಹೇಳಿದ್ದಾನೆ. ಅಂದರೆ ಅವನಿಗೆ ಅವತಾರ ಮುಗಿದುಹೋದ ಘಟನೆಯಲ್ಲ. ನನ್ನ ಪ್ರಕಾರ ಇಡೀ ಅಧ್ಯಾಯದ ಬೀಗದ ಕೈ ಇಲ್ಲೇ ಇದೆ.

ಫ್ರಾನ್ಸಿಸ್ ಬಲಿಪೂಜೆ ಅರ್ಪಿಸುವ ಗುರುವಲ್ಲ, ಅದಕ್ಕಿಂತ ಕೆಳಗಿನ ಪದವಿಯ ಡೀಕನ್. ಹಾಗಾಗಿ ಆ ರಾತ್ರಿ ಶುಭಸಂದೇಶ ಹಾಡಿ, ಪ್ರಸಂಗ ಮಾಡಿದ. ಬೆತ್ಲೆಹೇಮ್ ಅನ್ನುವಾಗ ಕುರಿಮರಿಯ ಹಾಗೆ ದನಿ ಎಳೆಯುತ್ತಿದ್ದನಂತೆ, ಯೇಸು ಅಂದಾಗಲೆಲ್ಲ ಆ ಹೆಸರಿನ ಸಿಹಿ ಸವಿಯುವಂತೆ ತುಟಿ ನೆಕ್ಕಿಕೊಳ್ಳುತ್ತಿದ್ದನಂತೆ! ನಗು ಬರುತ್ತೆ, ಬರಲಿ. ಅದೇ ಕಾಲದಲ್ಲಿ ದಕ್ಷಿಣ ಫ್ರಾನ್ಸ್ ಮತ್ತು ಇಟಲಿಯಲ್ಲಿ ಕಥಾರರು ಎಂಬ ಪಂಥದವರು ದೇಹ, ಮಣ್ಣು, ಮಾಂಸ ಎಲ್ಲ ಕೆಟ್ಟದ್ದರ ಸೃಷ್ಟಿ ಅಂತ ಬೋಧಿಸುತ್ತಿದ್ದರು. ಇಲ್ಲಿ ನೋಡಿದರೆ ಒಬ್ಬ ಸನ್ಯಾಸಿ ಹುಲ್ಲು, ದನ, ನಾಲಿಗೆ ಎಲ್ಲವನ್ನೂ ಪೂಜೆಗೆ ತಂದು ನಿಲ್ಲಿಸಿದ್ದಾನೆ. ಶುಕ್ರವಾರ ಮಾಂಸ ತಿನ್ನಬಾರದು ಅನ್ನುವ ನಿಯಮವಿತ್ತಲ್ಲ, ಕ್ರಿಸ್ಮಸ್ ಶುಕ್ರವಾರ ಬಿದ್ದರೆ ಮಾಂಸ ಬಿಡಬೇಕಾ ಅಂತ ಮಾತು ಬಂದಾಗ, ಈ ದಿನ ಗೋಡೆಗಳೂ ಮಾಂಸ ತಿನ್ನಬೇಕು, ಆಗದಿದ್ದರೆ ಮೇಲೆ ಸವರಿಯಾದರೂ ಬಿಡಬೇಕು ಅಂದವನು ಅವನು.

ಆ ರಾತ್ರಿ ಅಲ್ಲಿದ್ದ ಒಬ್ಬನಿಗೆ ಒಂದು ದರ್ಶನವಾಯಿತು ಅಂತ ಥಾಮಸ್ ಬರೆಯುತ್ತಾನೆ. ಗೋದಲಿಯಲ್ಲಿ ಜೀವವಿಲ್ಲದ ಹಾಗೆ ಮಲಗಿದ್ದ ಒಂದು ಮಗು, ಫ್ರಾನ್ಸಿಸ್ ಹತ್ತಿರ ಹೋದ, ಅದು ಗಾಢ ನಿದ್ದೆಯಿಂದ ಎದ್ದಿತು. ಇದಕ್ಕೆ ಅರ್ಥವನ್ನೂ ಅವನೇ ಕೊಡುತ್ತಾನೆ: ಎಷ್ಟೋ ಜನರ ಎದೆಯಲ್ಲಿ ಮರೆತುಹೋಗಿದ್ದ ಬಾಲಯೇಸು ಈ ಸೇವಕನ ಮೂಲಕ ಮತ್ತೆ ಎಚ್ಚರವಾದ. ಆತ್ಮದ ನವೀಕರಣ ಅಂತ ನಾವು ಹೇಳುವುದು ಇದನ್ನೇ. ಹೊರಗಿನಿಂದ ಹೊಸದೇನೋ ತಂದು ತುಂಬುವುದಲ್ಲ, ಒಳಗೆ ಮಲಗಿದ್ದನ್ನು ಎಬ್ಬಿಸುವುದು.

ಸಂತರ ಚರಿತ್ರೆಯನ್ನು ಪತ್ರಿಕೆ ವರದಿಯ ಹಾಗೆ ಓದಬಾರದು. ಫ್ರಾನ್ಸಿಸ್‌ಗೆ ಸಂತ ಪದವಿ ಸಿಕ್ಕಿದ್ದು 1228ರಲ್ಲಿ. ಅದನ್ನು ಕೊಟ್ಟ ಪೋಪ್ ಒಂಬತ್ತನೇ ಗ್ರೆಗೊರಿಯೇ ಈ ಚರಿತ್ರೆಯನ್ನೂ ಬರೆಸಿದ್ದು. ಆ ಹುಲ್ಲು ತಿಂದ ದನಕರುಗಳ ರೋಗ ವಾಸಿಯಾಯಿತು ಅನ್ನುವ ಮಾತೂ ಅದರಲ್ಲಿದೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು, ಆದರೆ ಉತ್ತರ ಬರೆಯುವಾಗ ಘಟನೆ ಯಾವುದು, ಥಾಮಸ್ ಕೊಟ್ಟ ಅರ್ಥ ಯಾವುದು ಅಂತ ಬೇರೆ ಬೇರೆ ಮಾಡಿ ಬರೆಯಿರಿ.

ಜೊತೆಗೆ ಫ್ರಾನ್ಸಿಸ್ 1226ರಲ್ಲಿ, ಸಾಯುವ ಸ್ವಲ್ಪ ಮುಂಚೆ ಬರೆಸಿದ ಮರಣಶಾಸನವನ್ನೂ ಓದಿ. ಅದರಲ್ಲಿ ಗ್ರೆಚ್ಚೊ ಹೆಸರೇ ಇಲ್ಲ. ತನ್ನ ಬದಲಾವಣೆ ಕುಷ್ಠರೋಗಿಗಳ ನಡುವೆ ಶುರುವಾಯಿತು, ಮುಂಚೆ ಅವರನ್ನು ನೋಡುವುದೇ ಕಹಿಯಾಗಿತ್ತು, ದೇವರೇ ಅವರ ಮಧ್ಯೆ ಕರೆದುಕೊಂಡು ಹೋದ, ಆಮೇಲೆ ಆ ಕಹಿಯೇ ಸಿಹಿಯಾಯಿತು ಅನ್ನುತ್ತಾನೆ. ಹಾಗಾಗಿ ನವೀಕರಣದ ಪ್ರಶ್ನೆ ಬಂದರೆ ನಾನಂತೂ ಉತ್ತರವನ್ನು ಕುಷ್ಠರೋಗಿಗಳಿಂದಲೇ ಶುರು ಮಾಡುತ್ತೇನೆ, ಗೋದಲಿಗೆ ಆಮೇಲೆ ಬರುತ್ತೇನೆ.