ಮೋರ್ಸ್ ಕಲಿಯುವುದಾದರೆ ಮೊಬೈಲ್ ಬೋರಲು ಹಾಕಿ

"ಆ್ಯಪ್‌ನಲ್ಲಿ ಎಲ್ಲಾ ಲೆವೆಲ್ ಮುಗಿಸಿದೀನಿ ಸರ್. ಆದ್ರೆ ನೀವು ಕಳಿಸಿದ್ದು ಒಂದೂ ಸಿಗ್ತಿಲ್ಲ." ಹ್ಯಾಮ್ ರೇಡಿಯೊ (ಹವ್ಯಾಸಿ ರೇಡಿಯೊ) ಪರೀಕ್ಷೆಗೆ ಮೋರ್ಸ್, ಅಂದರೆ ಅಕ್ಷರಗಳನ್ನು ಚುಕ್ಕೆ-ಗೆರೆಯ ಸದ್ದಾಗಿ ಕಳಿಸುವ ಸಂಕೇತ, ಹೇಳಿಕೊಡುವ ನನಗೆ ಈಚೆಗೆ ಜಾಸ್ತಿ ಕೇಳಿಬರುವ ಮಾತು ಇದು. ಹೇಳುವವರು ಸೋಮಾರಿಗಳೇನಲ್ಲ. ಬಸ್ಸಿನಲ್ಲಿ, ಊಟದ ಬಿಡುವಿನಲ್ಲಿ, ಮಲಗುವ ಮುಂಚೆ ಕೂತು ಅಭ್ಯಾಸ ಮಾಡಿದವರೇ. ಪರದೆಯ ಮೇಲೆ ನಾಲ್ಕು ಅಕ್ಷರ ತೋರಿಸಿ "ಈಗ ಕೇಳಿದ್ದು ಯಾವುದು" ಅಂದರೆ ತಟ್ಟನೆ ಸರಿಯಾದ್ದನ್ನೇ ಒತ್ತುತ್ತಾರೆ. ಕಾಗದ, ಪೆನ್ನು ಕೊಟ್ಟು ಐದೈದು ಅಕ್ಷರಗಳ ಗುಂಪು ಕಳಿಸಿದರೆ ಮಾತ್ರ ಎರಡನೇ ಗುಂಪಿಗೇ ಕೈ ನಿಂತುಬಿಡುತ್ತದೆ.

ಯಾಕೆ ಹೀಗೆ? ಆಟದ ಹಾಗೆ ಮಾಡಿರುವ ಆ್ಯಪ್‌ಗಳಲ್ಲಿ ನೀವು ಉತ್ತರ ಒತ್ತುವವರೆಗೂ ಮುಂದಿನ ಅಕ್ಷರ ಬರುವುದೇ ಇಲ್ಲ. ನಾಲ್ಕು ಆಯ್ಕೆ ಕಣ್ಣೆದುರಿಗಿದ್ದರೆ ಅರ್ಧ ಕೆಲಸ ಊಹೆಯಲ್ಲೇ ಮುಗಿಯುತ್ತದೆ. ಮೇಲಿಂದ ಚುಕ್ಕೆ-ಗೆರೆಯ ಚಿತ್ರ ಬೇರೆ ಮಿಂಚುತ್ತಿರುತ್ತದೆ. ಆಕಾಶದಿಂದ ಬರುವ ಸಿಗ್ನಲ್ ನಿಮಗಾಗಿ ಕಾಯುವುದಿಲ್ಲ, ಆಯ್ಕೆಯನ್ನೂ ಕೊಡುವುದಿಲ್ಲ. ಹಾಗಂತ ಆ್ಯಪ್ ಅಳಿಸಿಹಾಕಿ ಅಂತ ನಾನು ಹೇಳುವುದಿಲ್ಲ. ಹೇಳಿಕೊಡುವವರು ಹತ್ತಿರ ಇಲ್ಲದವರಿಗೆ ಅದಕ್ಕಿಂತ ಒಳ್ಳೆಯ ಸಾಧನ ಇನ್ನೊಂದಿಲ್ಲ. ಅದರಿಂದ ಸದ್ದು ಮಾತ್ರ ತಗೊಳ್ಳಿ, ಪರದೆ ಬೇಡ, ಅಷ್ಟೇ.

ನಮ್ಮ ದೇಶದಲ್ಲಿ ರಿಸ್ಟ್ರಿಕ್ಟೆಡ್ ದರ್ಜೆಯ ಹ್ಯಾಮ್ ಲೈಸೆನ್ಸಿಗೆ ಮೋರ್ಸ್ ಬೇಡ. ಜನರಲ್ ದರ್ಜೆಗೆ ನಿಮಿಷಕ್ಕೆ 8 ಪದದ ವೇಗ ಬೇಕು. ಐದು ಅಕ್ಷರಕ್ಕೆ ಒಂದು ಪದ ಎಂದು ಹಿಡಿದರೆ ನಿಮಿಷಕ್ಕೆ 40 ಅಕ್ಷರ, ಸರಾಸರಿ ಒಂದೂವರೆ ಸೆಕೆಂಡಿಗೆ ಒಂದು. ಕೇಳಿದರೆ ಸುಲಭ ಅನ್ನಿಸುತ್ತದೆ, ಅಲ್ವಾ? ಅದಕ್ಕೇ ಬಹಳ ಜನ ಆ್ಯಪ್ ತೆರೆದ ಕೂಡಲೇ ವೇಗವನ್ನು 5ಕ್ಕೋ 8ಕ್ಕೋ ಇಳಿಸಿ ಶುರು ಮಾಡುತ್ತಾರೆ. ಎಡವುವುದು ಅಲ್ಲೇ.

ಸ್ವಲ್ಪ ಲೆಕ್ಕ ನೋಡೋಣ. ಮೋರ್ಸ್ ವೇಗ ಅಳೆಯಲು 'ಪ್ಯಾರಿಸ್' ಎಂಬ ಪದವನ್ನು ಅಳತೆಯಾಗಿ ಇಟ್ಟುಕೊಂಡಿದ್ದಾರೆ. ಇಂಗ್ಲಿಷಿನಲ್ಲಿ ಅದರ ಐದು ಅಕ್ಷರ, ನಡುವಿನ ಬಿಡುವು, ಪದ ಮುಗಿದ ಮೇಲಿನ ಬಿಡುವು ಎಲ್ಲಾ ಸೇರಿ ಸರಿಯಾಗಿ 50 ಚುಕ್ಕೆಗಳ ಕಾಲ. ನಿಮಿಷಕ್ಕೆ 8 ಪದವೆಂದರೆ 400 ಚುಕ್ಕೆ. ಒಂದು ಚುಕ್ಕೆಗೆ 150 ಮಿಲಿಸೆಕೆಂಡ್ ಆಯಿತು. ಈಗ 'ಕೆ' ತಗೊಳ್ಳಿ: ಡಾ-ಡಿ-ಡಾ (ಡಾ ಅಂದರೆ ಗೆರೆ, ಡಿ ಅಥವಾ ಡಿಟ್ ಅಂದರೆ ಚುಕ್ಕೆ). ಗೆರೆಗೆ ಮೂರು ಚುಕ್ಕೆಯ ಕಾಲ, ನಡುವಿನ ಬಿಡುವು ಸೇರಿ ಒಟ್ಟು ಒಂಬತ್ತು. ಅಂದರೆ ಕೆ ಮುಗಿಯಲು 1.35 ಸೆಕೆಂಡ್ ಹಿಡಿಯುತ್ತದೆ. ಅಷ್ಟು ಹೊತ್ತು ಸಿಕ್ಕರೆ ತಲೆ ಸುಮ್ನೆ ಇರುತ್ತದಾ? "ಒಂದು ಗೆರೆ, ಒಂದು ಚುಕ್ಕೆ, ಇನ್ನೊಂದು ಗೆರೆ" ಎಂದು ಎಣಿಸುತ್ತದೆ. ಬಾಯಿಪಾಠ ಮಾಡಿದ ಚಾರ್ಟಿನಲ್ಲಿ ಹುಡುಕುತ್ತದೆ. ಆಮೇಲೆ ಕೆ ಎಂದು ಬರೆಯುತ್ತದೆ. ಈ ಚಾಳಿ ಒಮ್ಮೆ ಅಂಟಿಕೊಂಡರೆ ಬಿಡಿಸುವುದು ಕಷ್ಟ. ನಿಮಿಷಕ್ಕೆ 10 ಪದದ ಆಸುಪಾಸಿನಲ್ಲಿ ಎಣಿಕೆ ಕೈಕೊಡುತ್ತದೆ, ಕಲಿಯುವವರು ಅಲ್ಲೇ ತಿಂಗಳುಗಟ್ಟಲೆ ಸಿಕ್ಕಿಕೊಳ್ಳುತ್ತಾರೆ.

ಅದೇ ಕೆ ಅಕ್ಷರವನ್ನು 20 ಪದದ ವೇಗದಲ್ಲಿ ಕೇಳಿ. ಚುಕ್ಕೆ 60 ಮಿಲಿಸೆಕೆಂಡ್, ಇಡೀ ಅಕ್ಷರ ಅರ್ಧ ಸೆಕೆಂಡಿಗಿಂತ ಚೂರು ಜಾಸ್ತಿ. ಎಣಿಸಲು ಸಮಯವೇ ಇಲ್ಲ. ಕಿವಿಗೆ ಬೀಳುವುದು ಒಂದೇ ಉಂಡೆ ಸದ್ದು. ಭಾಮಿನಿ ಷಟ್ಪದಿ ಹಾಡುವಾಗ ಯಾರೂ ಲಘು-ಗುರು ಗುರುತು ಹಾಕುತ್ತಾ ಕೇಳುವುದಿಲ್ಲವಲ್ಲ, ಹಾಗೆ. ಪ್ರಸ್ತಾರ ಹಾಕುವುದು ಆಮೇಲಿನ ಕೆಲಸ. (ಗುರುವಿಗೆ ಎರಡು ಮಾತ್ರೆ, ಮೋರ್ಸ್ ಗೆರೆಗೆ ಮೂರು. ಕೀ ಒತ್ತಲು ಶುರು ಮಾಡುವಾಗ ಇದನ್ನು ಮರೆಯಬೇಡಿ. ನಮ್ಮವರ ಗೆರೆಗಳು ಗಿಡ್ಡವಾಗುವುದೇ ಜಾಸ್ತಿ.)

ನಂಬಿಕೆ ಬರದಿದ್ದರೆ ಹಳೆಯ ನೋಕಿಯಾ ಫೋನ್ ನೆನಪು ಮಾಡಿಕೊಳ್ಳಿ. ಮೆಸೇಜ್ ಬಂದಾಗ ಡಿಡಿಡಿಟ್, ಡಾ-ಡಾ, ಡಿಡಿಡಿಟ್ ಎನ್ನುತ್ತಿತ್ತಲ್ಲ, ಅದು ಮೋರ್ಸ್‌ನಲ್ಲಿ 'ಎಸ್‌ಎಂಎಸ್'. ಆ ಕಾಲದಲ್ಲಿ ಫೋನ್ ಇಟ್ಟುಕೊಂಡವರೆಲ್ಲ ಆ ಪದವನ್ನು ಪಕ್ಕದ ರೂಮಿನಿಂದಲೇ ಗುರುತಿಸುತ್ತಿದ್ದರು. ಒಬ್ಬರೂ ಚುಕ್ಕೆ ಎಣಿಸಿರಲಿಲ್ಲ.

ಅಕ್ಷರವನ್ನು ಮೊದಲ ದಿನದಿಂದಲೇ ಪೂರ್ತಿ ವೇಗದಲ್ಲಿ ಕೇಳಿಸಬೇಕೆಂಬುದು 1930ರ ದಶಕದಲ್ಲಿ ಜರ್ಮನಿಯ ಮನೋವಿಜ್ಞಾನಿ ಲೂಡ್ವಿಗ್ ಕಾಖ್ ಕಂಡುಕೊಂಡ ದಾರಿ. ಎರಡೇ ಅಕ್ಷರದಿಂದ ಶುರು. ನೂರಕ್ಕೆ ತೊಂಬತ್ತು ಸರಿಯಾಗಿ ಬರೆಯಲು ಬಂದಾಗ ಮೂರನೆಯದನ್ನು ಸೇರಿಸುವುದು. ಇನ್ನೊಂದು ಉಪಾಯಕ್ಕೆ ಫಾರ್ನ್ಸ್‌ವರ್ತ್ ಎಂಬ ಅಮೆರಿಕದ ಹ್ಯಾಮ್ ಹೆಸರು. ಅದರಲ್ಲಿ ಅಕ್ಷರ ವೇಗವಾಗಿಯೇ ಇರುತ್ತದೆ, ಅಕ್ಷರದಿಂದ ಅಕ್ಷರಕ್ಕೆ ಬಿಡುವು ಮಾತ್ರ ಉದ್ದ. ಒಳ್ಳೆಯ ಆ್ಯಪ್‌ಗಳಲ್ಲಿ ಇವೆರಡೂ ಇರುತ್ತವೆ, ಸೆಟ್ಟಿಂಗ್ಸ್ ಒಳಗೆ ಹೋಗಿ ಹುಡುಕಬೇಕು. 'ಕ್ಯಾರೆಕ್ಟರ್ ಸ್ಪೀಡ್' ಎಂದಿರುವಲ್ಲಿ 18ರಿಂದ 20 ಇಡಿ. 'ಎಫೆಕ್ಟಿವ್ ಸ್ಪೀಡ್' (ಬಿಡುವೂ ಸೇರಿದ ಒಟ್ಟು ವೇಗ) ಎಂದಿರುವಲ್ಲಿ 6 ಸಾಕು. ಟೋನ್ 600-700 ಹರ್ಟ್ಸ್ ಇರಲಿ. ಅದಕ್ಕಿಂತ ತುಂಬಾ ತಗ್ಗಿದ ಸದ್ದನ್ನು ಮೊಬೈಲಿನ ಪುಟ್ಟ ಸ್ಪೀಕರ್ ಸರಿಯಾಗಿ ಹೊರಡಿಸುವುದೇ ಇಲ್ಲ. ಚುಕ್ಕೆ-ಗೆರೆ ತೋರಿಸುವುದು, ಲೈಟ್ ಮಿನುಗಿಸುವುದು, ವೈಬ್ರೇಷನ್, ಎಲ್ಲಾ ಆಫ್. ಈ ಎರಡು ವೇಗವನ್ನು ಬೇರೆ ಬೇರೆಯಾಗಿ ಇಡಲು ಬಿಡದ ಆ್ಯಪ್ ಎಷ್ಟೇ ಚೆಂದ ಇದ್ದರೂ ನಾನು ಬೇಡ ಎನ್ನುತ್ತೇನೆ. ಆಂಡ್ರಾಯ್ಡ್‌ನಲ್ಲಿ ಇಟಲಿಯ ಹ್ಯಾಮ್ ಒಬ್ಬರು ಮಾಡಿರುವ 'ಐಝಡ್2ಯುಯುಎಫ್ ಮೋರ್ಸ್ ಕಾಖ್ ಸಿಡಬ್ಲ್ಯೂ' ನೋಡಲು ಸಪ್ಪೆ, ಆದರೆ ಪರದೆ ನೋಡದೆ ಕಲಿಯಲೆಂದೇ ಮಾಡಿದ್ದು. ಬ್ರೌಸರಿನಲ್ಲೇ ಅಭ್ಯಾಸ ಮಾಡುವವರಿಗೆ 'ಎಲ್‌ಸಿಡಬ್ಲ್ಯೂಒ' ಇದೆ, ಉಚಿತ.

ಇನ್ನು ಮೊಬೈಲ್ ಬೋರಲು ಹಾಕಿ. ಕೈಗೆ ಪೆನ್ನು ತಗೊಳ್ಳಿ.

ಮೊದಲ ಪಾಠದಲ್ಲಿ ಸಾಮಾನ್ಯವಾಗಿ ಕೆ ಮತ್ತು ಎಂ ಬರುತ್ತವೆ. ಡಾ-ಡಿ-ಡಾ, ಡಾ-ಡಾ. ಕೇಳಿದ ಕೂಡಲೇ ಬರೆಯಿರಿ. ಆ ಕೂಡಲೇ ಹೊಳೆಯಲಿಲ್ಲವೇ? ಒಂದು ಅಡ್ಡಗೆರೆ ಎಳೆದು ಮುಂದಕ್ಕೆ ಹೋಗಿ. ಈ ಅಡ್ಡಗೆರೆ ಎಳೆಯುವುದನ್ನು ಕಲಿಸುವುದೇ ನನಗೆ ಎಲ್ಲಕ್ಕಿಂತ ಕಷ್ಟದ ಕೆಲಸ. ಓದಿನಲ್ಲಿ ಜಾಣರಾದವರಿಗಂತೂ ಜಾಗ ಖಾಲಿ ಬಿಡಲು ಮನಸ್ಸೇ ಬರುವುದಿಲ್ಲ. "ಅಯ್ಯೋ, ಅದು ಆರ್ ಇತ್ತೋ ಎಲ್ ಇತ್ತೋ" ಅಂತ ಹಿಂದಿನದನ್ನು ಹಿಡಿದುಕೊಂಡು ಕೂತರೆ ಅಷ್ಟರಲ್ಲಿ ಇನ್ನೂ ಮೂರು ಅಕ್ಷರ ಹೋಗಿರುತ್ತವೆ. ಹೋದದ್ದು ಒಂದು, ಕಳಕೊಂಡದ್ದು ನಾಲ್ಕು. ಎರಡು-ಮೂರು ನಿಮಿಷ ಬರೆದು, ಆಮೇಲೆ ಮೊಬೈಲ್ ತಿರುಗಿಸಿ ತಾಳೆ ನೋಡಿ. ಪರದೆ ನೋಡಲು ಅವಕಾಶ ಆಗ ಮಾತ್ರ.

ಬರವಣಿಗೆಯ ಬಗ್ಗೆ ಯಾರೂ ಹೇಳದ ಒಂದು ಮಾತಿದೆ. ಎಲ್ಲರೂ ಇಂಗ್ಲಿಷಿನ ದೊಡ್ಡಕ್ಷರದಲ್ಲೇ ಬರೆಯುತ್ತಾರೆ. ದೊಡ್ಡ 'ಇ' ಬರೆಯಲು ನಾಲ್ಕು ಗೆರೆ ಎಳೆಯಬೇಕು. ಚಿಕ್ಕ 'ಇ'ಗೆ ಒಂದು ಸುತ್ತು ಸಾಕು. ಇಂಗ್ಲಿಷಿನಲ್ಲಿ ಅತಿ ಹೆಚ್ಚು ಬರುವ ಅಕ್ಷರವೂ ಅದೇ, ಮೋರ್ಸ್‌ನಲ್ಲಿ ಅತಿ ಗಿಡ್ಡದ್ದೂ ಅದೇ, ಒಂದೇ ಚುಕ್ಕೆ. ಸದ್ದು ಮುಗಿದರೂ ಕೈ ಇನ್ನೂ ಮೂರನೇ ಗೆರೆಯಲ್ಲಿರುತ್ತದೆ. ಚಿಕ್ಕಕ್ಷರದಲ್ಲಿ, ಸಾಧ್ಯವಾದರೆ ಕೂಡಿಸಿ ಬರೆಯಿರಿ. ಕಿವಿಯ ದೋಷ ಅಂದುಕೊಂಡದ್ದು ಎಷ್ಟೋ ಸಲ ಕೈಯ ದೋಷವಾಗಿರುತ್ತದೆ.

ಅದೇ ರೀತಿ ಇಯರ್‌ಫೋನಿನ ದೋಷವೂ ಕಿವಿಯ ತಲೆಗೆ ಬರುತ್ತದೆ. ಬ್ಲೂಟೂತ್ ಇಯರ್‌ಬಡ್‌ಗಳು ಸದ್ದಿಲ್ಲದಾಗ ನಿದ್ದೆ ಹೋಗುತ್ತವೆ, ಸದ್ದು ಬಂದಾಗ ಎಚ್ಚರವಾಗಲು ಒಂದಿಷ್ಟು ಹೊತ್ತು ಬೇಕು. ಹಾಡು ಕೇಳುವಾಗ ಗೊತ್ತಾಗುವುದಿಲ್ಲ. ಮೋರ್ಸ್‌ನಲ್ಲಿ 60 ಮಿಲಿಸೆಕೆಂಡಿನ ಚುಕ್ಕೆ ನುಂಗಿಹೋದರೆ ಅಕ್ಷರವೇ ಬದಲು. ಡಿಡಿಡಿಡಾ 'ವಿ'. ಮೊದಲ ಚುಕ್ಕೆ ಹೋದರೆ ಡಿಡಿಡಾ, ಅದು 'ಯು'. ಕಲಿಯುವವರು ತಮಗೆ ವಿ ಬರುವುದಿಲ್ಲ ಅಂತ ತೀರ್ಮಾನಿಸಿಬಿಡುತ್ತಾರೆ. ತಂತಿಯ ಇಯರ್‌ಫೋನ್ ಹಾಕಿದ ಕೂಡಲೇ ಸರಿಹೋಗುತ್ತದೆ. ಫೋನನ್ನು ಏರೋಪ್ಲೇನ್ ಮೋಡಿನಲ್ಲಿಡಿ ಅಂತ ಬೇರೆ ಹೇಳಬೇಕಿಲ್ಲ.

ದಿನಕ್ಕೆ ಬೆಳಿಗ್ಗೆ ಕಾಲು ಗಂಟೆ, ಸಂಜೆ ಕಾಲು ಗಂಟೆ ಸಾಕು. ಭಾನುವಾರ ಒಟ್ಟಿಗೆ ಮೂರು ಗಂಟೆ ಕೂರುವುದರಿಂದ ತಲೆನೋವು ಬರುತ್ತದೆ, ಮೋರ್ಸ್ ಬರುವುದಿಲ್ಲ. ಎಸ್ ಮೂರು ಚುಕ್ಕೆ, ಎಚ್ ನಾಲ್ಕು, ಅಂಕಿ 5 ಐದು ಚುಕ್ಕೆ. ಈ ಮೂರು ಎಲ್ಲರನ್ನೂ ಸತಾಯಿಸುತ್ತವೆ. ಬಿ ಮತ್ತು 6 ಕೂಡ. ಹೆಚ್ಚಿನ ಆ್ಯಪ್‌ಗಳಲ್ಲಿ ಬೇಕಾದ ಅಕ್ಷರ ಮಾತ್ರ ಆರಿಸಿ ಕೇಳಬಹುದು. ಇವನ್ನೇ ಜೊತೆ ಹಾಕಿ ಎರಡು ದಿನ ಕೇಳಿ. ಅರ್ಥವಿಲ್ಲದ ಗುಂಪುಗಳಲ್ಲೇ ಬಹಳ ದಿನ ಕಲಿಯಿರಿ. ಪದಗಳಿಗೆ ಬೇಗ ಹೋದರೆ ಟಿ, ಎಚ್ ಕೇಳಿದ ಕೂಡಲೇ ಮುಂದಿನದು ಇ ಎಂದು ಕೈ ತಾನೇ ಬರೆದುಬಿಡುತ್ತದೆ. ಅಲ್ಲಿ ಎ ಬಂದಿರುತ್ತದೆ.

ಪರೀಕ್ಷೆಗೆ ಕೂರುವವರಿಗೆ ಒಂದು ಎಚ್ಚರಿಕೆ. ಪರೀಕ್ಷೆಯಲ್ಲಿ ಅಕ್ಷರಗಳೇ ನಿಧಾನವಾಗಿ, ಎಳೆದು ಬರಬಹುದು. 20ರ ವೇಗಕ್ಕೆ ಒಗ್ಗಿದ ಕಿವಿಗೆ ಅದು ಬೇರೆ ಭಾಷೆಯ ಹಾಗೆ ಕೇಳುತ್ತದೆ. ಎಲ್ಲಾ ಅಕ್ಷರ, ಅಂಕಿ ಬಂದ ಮೇಲೆ ಕೊನೆಯ ಎರಡು ವಾರ ಕ್ಯಾರೆಕ್ಟರ್ ಸ್ಪೀಡನ್ನು 12ಕ್ಕೆ, ಆಮೇಲೆ 8ಕ್ಕೆ ಇಳಿಸಿ ಅಭ್ಯಾಸ ಮಾಡಿ. ಆ ಹೊತ್ತಿಗೆ ಎಣಿಸುವ ಚಾಳಿ ಅಂಟುವ ಭಯವಿಲ್ಲ.

ಸಿಗ್ನಲ್ ಕೇಳಿಸಿದರೆ ಅದೇ ಅಕ್ಷರ ಬರೆದುಕೊಡುವ ಡಿಕೋಡರ್ ಆ್ಯಪ್‌ಗಳೂ ಇವೆ. ಕಂಪ್ಯೂಟರ್ ಕಳಿಸಿದ ಶುದ್ಧ ಮೋರ್ಸ್ ಆದರೆ ಪರವಾಗಿಲ್ಲ. ಗರಗರ ಸದ್ದಿನ ನಡುವೆ, ಏರಿಳಿಯುವ ಸಿಗ್ನಲ್ಲಿನಲ್ಲಿ, ಕೈಯಿಂದ ಒತ್ತಿ ಕಳಿಸಿದ್ದಕ್ಕೆ ಇ, ಟಿ, ಇ, ಇ ಎಂದು ಏನೇನೋ ಬರೆದಿಡುತ್ತವೆ. ಕಲಿಯುವಾಗ ಹತ್ತಿರ ಸೇರಿಸಬೇಡಿ.

ಅಂಕಿಗಳೂ ಬಂದ ಮೇಲೆ ಆ್ಯಪ್‌ನಿಂದ ಹೊರಗೆ ಬನ್ನಿ. ರೇಡಿಯೊ ಸೆಟ್ ಇಲ್ಲದಿದ್ದರೂ ಆಗುತ್ತದೆ. ನೆದರ್‌ಲ್ಯಾಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯದ ವೆಬ್‌ಎಸ್‌ಡಿಆರ್ ಎಂಬ ಇಂಟರ್ನೆಟ್ ರೇಡಿಯೊ ರಿಸೀವರನ್ನು ಮೊಬೈಲ್ ಬ್ರೌಸರಿನಲ್ಲೇ ತಿರುಗಿಸಿ ಕೇಳಬಹುದು. ಎಲ್‌ಇಡಿ ಬಲ್ಬು, ಚಾರ್ಜರ್‌ಗಳ ಗಲಾಟೆ ತುಂಬಿದ ಅಪಾರ್ಟ್‌ಮೆಂಟಿನಲ್ಲಿ ಇರುವವರಿಗಂತೂ ಇದೇ ವಾಸಿ. 14.100 ಮೆಗಾಹರ್ಟ್ಸ್‌ಗೆ ಇಟ್ಟು ಸಿಡಬ್ಲ್ಯೂ (ರೇಡಿಯೊದಲ್ಲಿ ಮೋರ್ಸ್‌ಗೆ ಇರುವ ಹೆಸರು) ಆರಿಸಿ ಸುಮ್ನೆ ಕೂತುಕೊಳ್ಳಿ. ಅಲ್ಲಿ ಬೇರೆ ಬೇರೆ ದೇಶಗಳ 18 ಬೀಕನ್‌ಗಳಿಗೆ, ಅಂದರೆ ತಾವಾಗೇ ಸಿಗ್ನಲ್ ಕಳಿಸುತ್ತಿರುವ ಕೇಂದ್ರಗಳಿಗೆ, ಸರದಿ ಇದೆ. ಒಂದೊಂದಕ್ಕೆ ಹತ್ತು ಸೆಕೆಂಡ್, ಮೂರು ನಿಮಿಷಕ್ಕೆ ಒಂದು ಸುತ್ತು. ಪ್ರತಿ ಬೀಕನ್ ತನ್ನ ಕಾಲ್‌ಸೈನನ್ನು (ಕೇಂದ್ರದ ಗುರುತಿನ ಹೆಸರು) 22 ಪದದ ವೇಗದಲ್ಲಿ ಒಮ್ಮೆ ಕಳಿಸಿ, ಆಮೇಲೆ ಒಂದೊಂದು ಸೆಕೆಂಡಿನ ನಾಲ್ಕು ಗೆರೆ ಎಳೆಯುತ್ತದೆ. ತಪ್ಪಿಹೋದರೆ ಚಿಂತೆಯಿಲ್ಲ, ಮೂರು ನಿಮಿಷಕ್ಕೆ ಅದೇ ಮತ್ತೆ ಬರುತ್ತದೆ. ನಮಗೆ ಹತ್ತಿರದ್ದು ಶ್ರೀಲಂಕಾದ 4ಎಸ್7ಬಿ. ನಿಮ್ಮದೇ ರಿಸೀವರ್ ಇದ್ದರೆ ಅದೇ ಜೋರಾಗಿ ಕೇಳಬೇಕು ಅಂತೇನಿಲ್ಲ. ಈ ಅಲೆ ಎಷ್ಟೋ ಸಲ ಹತ್ತಿರದವರ ತಲೆಯ ಮೇಲೆ ಹಾರಿ ದೂರ ಹೋಗಿ ಇಳಿಯುತ್ತದೆ. ನಾಲ್ಕು ಗೆರೆಗಳಲ್ಲಿ ಮೊದಲನೆಯದು 100 ವ್ಯಾಟ್, ಮುಂದಿನವು 10, 1, ಕೊನೆಯದು 0.1. ಮೂರನೇ ಗೆರೆ ಕೇಳಿಸುವಷ್ಟು ಬ್ಯಾಂಡ್ ತೆರೆದಿದ್ದರೆ 14.000ರ ಕಡೆಗೆ ತಿರುಗಿಸಿ. ಡಾಡಿಡಾಡಿಟ್, ಡಾಡಾಡಿಡಾ ಎಂದು ಸಿಕ್ಯೂ, ಅಂದರೆ 'ಯಾರಾದರೂ ಮಾತಿಗೆ ಬನ್ನಿ' ಎಂದು, ಕೂಗುವವರು ಸಿಗುತ್ತಾರೆ. ಅವರ ಕಾಲ್‌ಸೈನ್ ಒಂದನ್ನು ಬರೆದುಕೊಳ್ಳಿ, ಉಳಿದ ಮಾತುಕತೆ ಸದ್ಯಕ್ಕೆ ಹೋದರೆ ಹೋಗಲಿ.